ಡೈನೋಸಾರ್‌ಗೆ ತೂಕ ಕೊಟ್ಟವರು

ಹಾಲಿವುಡ್‌ನ ದೊಡ್ಡ ಚಿತ್ರಗಳ ಪ್ರಚಾರದಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: ನಮ್ಮ ಚಿತ್ರದಲ್ಲಿ ಗ್ರಾಫಿಕ್ಸ್ ಇಲ್ಲ, ನೀವು ನೋಡುವುದೆಲ್ಲ ಕ್ಯಾಮೆರಾದ ಮುಂದೆ ನಡೆದದ್ದೇ. ಪ್ರೇಕ್ಷಕರೂ ಇದನ್ನು ಮೆಚ್ಚಿ ನಂಬಿದ್ದಾರೆ. ಕೈಯಿಂದ ಮಾಡಿದ್ದು ಪ್ರಾಮಾಣಿಕ, ಕಂಪ್ಯೂಟರಿನಲ್ಲಿ ಮಾಡಿದ್ದು ಸುಲಭದ ದಾರಿ ಎಂಬ ತೀರ್ಪು ಸಿನಿಮಾ ಚರ್ಚೆಗಳಲ್ಲಿ ಬೇರುಬಿಟ್ಟಿದೆ. ಈ ತೀರ್ಪು ಚರಿತ್ರೆಗೆ ಹೊಂದುವುದಿಲ್ಲ. ಸಾವಿರಾರು ಜನರ ದುಡಿಮೆಗೆ ಅನ್ಯಾಯವನ್ನೂ ಮಾಡುತ್ತದೆ. ಒಂದು ಪೀಳಿಗೆ ತನ್ನ ಕೈಗೆ ಹತ್ತಿದ್ದ ತಿಳಿವಳಿಕೆಯನ್ನು ಮುಂದಿನವರ ಉಪಕರಣಕ್ಕೆ ದಾಟಿಸಿದಾಗಲೆಲ್ಲ ಹಾಲಿವುಡ್‌ನ ಎಫೆಕ್ಟ್ಸ್ ಪರಂಪರೆ ಬೆಳೆದಿದೆ. ಆ ದಾಟುವಿಕೆ ನಿಂತಾಗಲೆಲ್ಲ ಸೊರಗಿದೆ. ಅದನ್ನು ಅಳೆಯುವುದಾದರೆ ಈ ಅಳತೆಯಿಂದಲೇ ಅಳೆಯಬೇಕು.

ಮೊದಲು ಮೂರು ಬಗೆಗಳನ್ನು ಬಿಡಿಸಿಕೊಳ್ಳೋಣ. ಪ್ರಾಕ್ಟಿಕಲ್ ಎಫೆಕ್ಟ್ಸ್ ಚಿತ್ರೀಕರಣದ ಹೊತ್ತಿನಲ್ಲಿ ಸೆಟ್ಟಿನಲ್ಲೇ ನಡೆಯುವಂಥವು: ಮಳೆ, ಹೊಗೆ, ಸ್ಫೋಟ, ರಬ್ಬರಿನ ಮುಖವಾಡ, ಹೈಡ್ರಾಲಿಕ್ಸ್‌ನಿಂದ ಕತ್ತು ತಿರುಗಿಸುವ ಪ್ರಾಣಿ. ವಿಷುವಲ್ ಎಫೆಕ್ಟ್ಸ್ ಬೇರೆ ಬೇರೆ ಕಡೆ ತೆಗೆದ ಚಿತ್ರಗಳನ್ನು ಒಂದೇ ಫ್ರೇಮಿನಲ್ಲಿ ಕೂಡಿಸುವ ವಿದ್ಯೆ. ಗಾಜಿನ ಮೇಲೆ ಬಿಡಿಸಿದ ಮ್ಯಾಟ್ ಪೇಂಟಿಂಗ್, ಡಬಲ್ ಎಕ್ಸ್‌ಪೋಶರ್, ಆಪ್ಟಿಕಲ್ ಪ್ರಿಂಟರ್ ಎಲ್ಲವೂ ಇದಕ್ಕೆ ಸೇರಿದವು. ನಾವು ಸಿಜಿ ಎನ್ನುವ ಕಂಪ್ಯೂಟರ್ ಚಿತ್ರಗಳು ಈ ಎರಡನೆಯದರ ತಡವಾಗಿ ಒಡೆದ ಕವಲು. ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ಚಂದ್ರಲೋಕಕ್ಕೆ ಪಯಣ ಹೊರಡಿಸಿದಾಗಲೇ ಫಿಲ್ಮನ್ನು ಕತ್ತರಿಸಿ, ಒಂದರ ಮೇಲೊಂದು ಚಿತ್ರ ಮೂಡಿಸಿ ಕಣ್ಕಟ್ಟು ಮಾಡಿದ್ದ. ಪರದೆಯ ಮೇಲಿನ ಮಾಯೆ ಕಂಪ್ಯೂಟರಿಗಿಂತ ಎಷ್ಟೋ ಹಿರಿಯದು.

ಹಳೆಯ ವಿಧಾನಗಳಲ್ಲಿ ಕೈಯ ಗುರುತು ಅಳಿಯುತ್ತಿರಲಿಲ್ಲ. 1933ರ 'ಕಿಂಗ್ ಕಾಂಗ್'ನಲ್ಲಿ ವಿಲಿಸ್ ಒ'ಬ್ರಯನ್‌ನ ತಂಡ ಪುಟ್ಟ ಬೊಂಬೆಯನ್ನು ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸಿ ಚಿತ್ರಿಸಿತು. ಮುಟ್ಟಿದಾಗಲೆಲ್ಲ ಬೊಂಬೆಯ ತುಪ್ಪಳ ಕದಡುತ್ತಿತ್ತು. ಪರದೆಯ ಮೇಲೆ ಅದು ಕೋಪಗೊಂಡ ಮೃಗದ ನಿಮಿರಿದ ರೋಮದಂತೆ ಕಂಡಿತು. ಅವನ ಶಿಷ್ಯ ರೇ ಹ್ಯಾರಿಹೌಸನ್ 1963ರ 'ಜೇಸನ್ ಅಂಡ್ ದ ಆರ್ಗೊನಾಟ್ಸ್'ಗಾಗಿ ಏಳು ಅಸ್ಥಿಪಂಜರಗಳ ಕತ್ತಿವರಸೆಯನ್ನು ರೂಪಿಸಲು ನಾಲ್ಕೂವರೆ ತಿಂಗಳು ತೆಗೆದುಕೊಂಡ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಬಾಹ್ಯಾಕಾಶ ನೌಕೆಯ ಒಳಭಾಗಕ್ಕೆ ಸುಮಾರು 38 ಅಡಿ ವ್ಯಾಸದ ಚಕ್ರವನ್ನೇ ಕಟ್ಟಿಸಿ ತಿರುಗಿಸಿದ. ಈ ಮೂರಕ್ಕೂ ಸಮಾನವಾದ ಒಂದು ಗುಣವಿದೆ. ಏನು ಕಾಣಬೇಕೆಂದು ಮೊದಲೇ ನಿರ್ಧರಿಸದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಚಕ್ರ ಕಟ್ಟಿದ ಮೇಲೆ ಕ್ಯಾಮೆರಾ ಎಲ್ಲಿರಬೇಕೆಂಬುದನ್ನು ಆ ಚಕ್ರವೇ ಹೇಳುತ್ತದೆ. ಈ ಕಟ್ಟುಪಾಡೇ ಅವರಿಗೆ ಶೈಲಿಯನ್ನು ಕೊಟ್ಟಿತು.

ಪರಂಪರೆ ಹೊರಳಿದ ಜಾಗ 1993ರ 'ಜುರಾಸಿಕ್ ಪಾರ್ಕ್'. ಸ್ಟೀವನ್ ಸ್ಪೀಲ್‌ಬರ್ಗ್ ಮೊದಲು ಯೋಜಿಸಿದ್ದಂತೆ ಡೈನೋಸಾರ್‌ಗಳ ಪೂರ್ಣ ದೇಹದ ದೃಶ್ಯಗಳನ್ನು ಫಿಲ್ ಟಿಪೆಟ್ ಬೊಂಬೆಗಳಿಂದಲೇ ಮಾಡಬೇಕಿತ್ತು. ಅಷ್ಟರಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸ್ಟುಡಿಯೊದ ಕಲಾವಿದರು ನಡೆದಾಡುವ ಡೈನೋಸಾರನ್ನು ಕಂಪ್ಯೂಟರಿನಲ್ಲಿ ಮೂಡಿಸಿ ತೋರಿಸಿದರು. ಅದನ್ನು ನೋಡಿದ ಟಿಪೆಟ್‌ಗೆ ತನ್ನ ಕಸುಬಿನ ಕಾಲ ಮುಗಿಯಿತೆನಿಸಿತು. ಎಫೆಕ್ಟ್ಸ್ ಚರಿತ್ರೆಯನ್ನು ಹೇಳುವವರು ಬಹುತೇಕ ಇಲ್ಲಿಗೇ ನಿಲ್ಲುತ್ತಾರೆ: ಬೊಂಬೆ ಸೋತಿತು, ಕಂಪ್ಯೂಟರ್ ಗೆದ್ದಿತು. ಆಮೇಲೆ ನಡೆದದ್ದು ಇದಕ್ಕಿಂತ ಮುಖ್ಯ. ಟಿಪೆಟ್‌ನನ್ನು ಕೈಬಿಡಲಿಲ್ಲ. ಕೀಲುಕೀಲಿಗೂ ಸೆನ್ಸರ್ ಜೋಡಿಸಿದ ಲೋಹದ ಅಸ್ಥಿಪಂಜರವೊಂದನ್ನು ಅವನ ತಂಡಕ್ಕಾಗಿ ರೂಪಿಸಲಾಯಿತು. ಬೊಂಬೆಯಾಟದಲ್ಲಿ ಪಳಗಿದವರು ಅದನ್ನು ತಮ್ಮ ರೂಢಿಯಂತೆ ಕೈಯಿಂದ ಸರಿಸಿದರೆ ಕಂಪ್ಯೂಟರಿನೊಳಗಿನ ಪ್ರಾಣಿಯೂ ಹಾಗೇ ಸರಿಯುತ್ತಿತ್ತು. ಭಾರವಾದ ಪ್ರಾಣಿ ಹೆಜ್ಜೆಯೆತ್ತುವ ಮುನ್ನ ಮೈಯ ತೂಕವನ್ನು ಯಾವ ಕಾಲಿಗೆ ವರ್ಗಾಯಿಸುತ್ತದೆ, ತಿರುಗುವಾಗ ಬಾಲ ಎಷ್ಟು ಹೊತ್ತು ಹಿಂದುಳಿಯುತ್ತದೆ ಎಂಬುದೆಲ್ಲ ವರ್ಷಗಟ್ಟಲೆ ಬೊಂಬೆಯಾಡಿಸಿದವರಿಗೆ ಗೊತ್ತಿತ್ತು. ಆ ಅರಿವು ಕಂಪ್ಯೂಟರಿಗೆ ದಾಟಿತು.

ಚಿತ್ರದಲ್ಲಿ ಡೈನೋಸಾರ್‌ಗಳು ಕಾಣಿಸಿಕೊಳ್ಳುವುದು ಸುಮಾರು 15 ನಿಮಿಷ ಮಾತ್ರ. ಸಿಜಿಯ ಪಾಲು ಅದರ ಅರ್ಧಕ್ಕಿಂತ ಕಡಿಮೆ. ಮಳೆಯ ರಾತ್ರಿ ಟಿ-ರೆಕ್ಸ್ ಬೇಲಿ ಮುರಿದು ಬರುವ ದೃಶ್ಯವನ್ನೇ ಗಮನಿಸಿ. ನೀರಿನ ಲೋಟದಲ್ಲಿ ಏಳುವ ಉಂಗುರ ಕಾರಿನ ಡ್ಯಾಶ್‌ಬೋರ್ಡ್‌ನ ಅಡಿಯಲ್ಲಿ ಮಿಡಿದ ಗಿಟಾರ್ ತಂತಿಯ ಫಲ. ಕಿಟಕಿಯ ಹತ್ತಿರ ಬರುವ ತಲೆ ಸ್ಟ್ಯಾನ್ ವಿನ್‌ಸ್ಟನ್ ಕಟ್ಟಿದ ಯಂತ್ರಪ್ರಾಣಿಯದು. ಅದರ ಫೋಮ್ ಚರ್ಮ ಮಳೆನೀರನ್ನು ಹೀರಿ ಭಾರವಾಗಿ ಗಡಗಡ ನಡುಗತೊಡಗಿದಾಗ ಟೇಕುಗಳ ನಡುವೆ ತಂಡದವರು ಅದನ್ನು ಒರೆಸಿ ಒಣಗಿಸಬೇಕಾಯಿತು. ರಸ್ತೆಗೆ ಇಡೀ ದೇಹ ಕಾಲಿಟ್ಟಾಗ ನಾವು ನೋಡುವುದು ಕಂಪ್ಯೂಟರಿನ ಚಿತ್ರ. ಯಂತ್ರಪ್ರಾಣಿಯ ಒದ್ದೆ ಚರ್ಮದ ಮೇಲೆ ಬೆಳಕು ಹೇಗೆ ಬೀಳುತ್ತದೆಂಬುದಕ್ಕೆ ಕಣ್ಣಮುಂದೆಯೇ ಮಾದರಿಯಿತ್ತು. ರಾತ್ರಿ, ಮಳೆ, ಕಾರಿನ ದೀಪ, ಎಲ್ಲವನ್ನೂ ಒಬ್ಬ ನಿರ್ದೇಶಕ ಮೊದಲೇ ನಿಶ್ಚಯಿಸಿದ್ದ. ಎಲ್ಲಿ ಯಂತ್ರ ಮುಗಿದು ಎಲ್ಲಿ ಚಿತ್ರ ಶುರುವಾಯಿತೆಂದು ಕಣ್ಣಿಗೆ ತಿಳಿಯದಿರುವುದಕ್ಕೆ ಕಾರಣ ಇದೇ. ಆ ವರ್ಷದ ಆಸ್ಕರನ್ನು ಡೆನ್ನಿಸ್ ಮ್ಯುರೆನ್, ವಿನ್‌ಸ್ಟನ್, ಟಿಪೆಟ್, ಮೈಕೆಲ್ ಲ್ಯಾಂಟಿಯೆರಿ ನಾಲ್ವರೂ ಹಂಚಿಕೊಂಡರು. ಕಂಪ್ಯೂಟರ್, ಯಂತ್ರಪ್ರಾಣಿ, ಬೊಂಬೆಯಾಟ, ಸೆಟ್ಟಿನ ಕೈಚಳಕ ನಾಲ್ಕಕ್ಕೂ ಒಂದೇ ವೇದಿಕೆಯ ಮೇಲೆ ಮನ್ನಣೆ ಸಿಕ್ಕಿತು.

ಈ ದಾಟುವಿಕೆ ನಿಂತರೆ ಏನಾಗುತ್ತದೆಂಬುದಕ್ಕೆ 'ದ ಥಿಂಗ್' ಎಂಬ ಒಂದೇ ಹೆಸರಿನ ಎರಡು ಚಿತ್ರಗಳು ಸಾಕ್ಷಿ. 1982ರಲ್ಲಿ ಜಾನ್ ಕಾರ್ಪೆಂಟರ್‌ಗಾಗಿ ರಾಬ್ ಬಾಟಿನ್ ರಬ್ಬರು ಮತ್ತು ಲೋಳೆಯಿಂದ ಮಾಡಿದ ರೂಪಾಂತರಗಳು ಇಂದಿಗೂ ಮೈ ಜುಮ್ಮೆನಿಸುತ್ತವೆ. 2011ರ ಚಿತ್ರಕ್ಕೂ ಯಂತ್ರಪ್ರಾಣಿಗಳನ್ನು ಕಟ್ಟಿ ಚಿತ್ರೀಕರಿಸಿದ್ದರು. ಆಮೇಲೆ ಅವುಗಳಲ್ಲಿ ಬಹುಪಾಲನ್ನು ಸಿಜಿಯಿಂದ ಮುಚ್ಚಿಬಿಟ್ಟರು. ಫಲಿತಾಂಶ ನಯವಾಗಿದೆ, ಭಯವಿಲ್ಲ. ತಪ್ಪನ್ನು ಕಂಪ್ಯೂಟರಿನ ತಲೆಗೆ ಕಟ್ಟುವುದು ಸರಿಯಲ್ಲ. ಒಂದು ನಿರ್ಧಾರಕ್ಕೆ ಹೊಂದುವಂತೆ ಬೆಳಕು ಮಾಡಿ ಕ್ಯಾಮೆರಾ ಇಟ್ಟ ದೃಶ್ಯದ ಮೇಲೆ ಬೇರೊಂದು ನಿರ್ಧಾರವನ್ನು ತಂದು ಹೇರಿದಾಗ ಎರಡೂ ಕೆಡುತ್ತವೆ. ಸಿಜಿಯ ನಿಜವಾದ ಅಪಾಯ ಅದು ಕೊಡುವ ಮುಂದೂಡುವ ಸೌಲಭ್ಯ. ಹಿನ್ನೆಲೆ ಯಾವುದು, ಹೊತ್ತು ಯಾವುದು, ಪ್ರಾಣಿ ಎಷ್ಟು ದೊಡ್ಡದು ಎಂಬುದನ್ನೆಲ್ಲ ಆಮೇಲೆ ನೋಡಿಕೊಂಡರಾಯಿತೆಂದು ಹಸಿರು ಪರದೆಯ ಮುಂದೆ ಸಪ್ಪೆ ಬೆಳಕಿನಲ್ಲಿ ನಟರನ್ನು ನಿಲ್ಲಿಸುತ್ತಾರೆ. ಎಲ್ಲಕ್ಕೂ ಹೊಂದಬೇಕಾದ ಬೆಳಕು ಕೊನೆಗೆ ಯಾವುದಕ್ಕೂ ಹೊಂದುವುದಿಲ್ಲ. ಪ್ರೇಕ್ಷಕರು ಗ್ರಾಫಿಕ್ಸ್ ಚೆನ್ನಾಗಿಲ್ಲ ಎಂದು ದೂರುವಾಗ ಅನೇಕ ಸಲ ಅವರಿಗೆ ಕಂಡಿರುವುದು ನಿರ್ದೇಶಕರ ಅನಿಶ್ಚಯ.

ಪ್ರಾಕ್ಟಿಕಲ್ ವಿಧಾನವನ್ನು ಪೂಜಿಸುವವರು ಮರೆಯಬಾರದ ಇನ್ನೊಂದು ಸಂಗತಿಯಿದೆ. 1982ರಲ್ಲಿ 'ಟ್ವೈಲೈಟ್ ಝೋನ್' ಚಿತ್ರೀಕರಣದಲ್ಲಿ ಸ್ಫೋಟಗಳಿಗೆ ಸಿಕ್ಕಿದ ಹೆಲಿಕಾಪ್ಟರ್ ಉರುಳಿ ನಟ ವಿಕ್ ಮಾರೋ ಮತ್ತು ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಯಾವ ಶಾಟ್ ಕೂಡ ಒಂದು ಜೀವಕ್ಕೆ ಸಮವಲ್ಲ. ಸ್ಫೋಟವನ್ನು, ಬೀಳುವ ಯಂತ್ರವನ್ನು ಮನುಷ್ಯರಿಂದ ದೂರವಿಟ್ಟು ಆಮೇಲೆ ಕೂಡಿಸಬಲ್ಲ ವಿದ್ಯೆಯನ್ನು ಕಳಪೆಯೆಂದು ಕರೆಯುವ ಮುನ್ನ ಇದನ್ನು ನೆನೆಯಬೇಕು.

ಇನ್ನು 'ಎಲ್ಲವೂ ನಿಜ' ಎಂದು ಕೊಂಡಾಡಿಸಿಕೊಂಡ ಚಿತ್ರಗಳ ವಿಚಾರ. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್'ನ ಗಾಡಿಗಳು ನಮೀಬಿಯಾದ ಮರುಭೂಮಿಯಲ್ಲಿ ನಿಜಕ್ಕೂ ಓಡಿದವು, ಸಾಹಸಿಗರು ನಿಜಕ್ಕೂ ಕಂಬಗಳ ಮೇಲೆ ತೂಗಾಡಿದರು. ಅದೇ ಚಿತ್ರದಲ್ಲಿ ಸುಮಾರು 2,000 ವಿಷುವಲ್ ಎಫೆಕ್ಟ್ಸ್ ಶಾಟ್‌ಗಳೂ ಇವೆ. ಆ ಧೂಳಿನ ಬಿರುಗಾಳಿ ಕಂಪ್ಯೂಟರಿನದು. 2022ರ 'ಟಾಪ್ ಗನ್: ಮ್ಯಾವರಿಕ್'ನಲ್ಲಿ ನಟರು ಯುದ್ಧವಿಮಾನದ ಹಿಂಬದಿ ಸೀಟಿನಲ್ಲಿ ಕೂತು ಹಾರಿದ್ದು ನಿಜ, ಮುಖದ ಮೇಲಿನ ಒತ್ತಡ ನಿಜ. ಶತ್ರುವಿಮಾನಗಳು ಮಾತ್ರ ಡಿಜಿಟಲ್ ಹೊದಿಕೆ ತೊಟ್ಟವು, ಮತ್ತು ಚಿತ್ರ ವಿಷುವಲ್ ಎಫೆಕ್ಟ್ಸ್ ವಿಭಾಗದಲ್ಲೇ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಇವೆರಡೂ ಗೆದ್ದದ್ದು 'ಜುರಾಸಿಕ್ ಪಾರ್ಕ್' ತೋರಿದ ಹಾದಿಯಲ್ಲೇ: ನಿಜವಾದ ಚಲನೆ, ನಿಜವಾದ ಬೆಳಕು, ಅದರ ಮೇಲೆ ಕಂಪ್ಯೂಟರಿನ ಸಂಯಮದ ಕೆಲಸ. ಈ ಸಾಮರಸ್ಯವನ್ನು ಹೇಳಿಕೊಂಡು ಹೆಮ್ಮೆಪಡಬೇಕಿದ್ದ ಪ್ರಚಾರ ಅರ್ಧ ತಂಡವನ್ನು ತೆರೆಮರೆಗೆ ಸರಿಸಿತು.

ತೆರೆಮರೆಗೆ ಸರಿದವರಲ್ಲಿ ನಮ್ಮವರೂ ಇದ್ದಾರೆ. 'ಲೈಫ್ ಆಫ್ ಪೈ'ನ ಹುಲಿಗೆ ಜೀವ ತುಂಬಿದ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೊಗೆ ಮುಂಬೈ, ಹೈದರಾಬಾದ್‌ಗಳಲ್ಲೂ ಶಾಖೆಗಳಿದ್ದವು. 2013ರ ಫೆಬ್ರವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆ ಹುಲಿಗೆ ಆಸ್ಕರ್ ಬಂತು. ವೇದಿಕೆಯ ಮೇಲೆ ಪ್ರಶಸ್ತಿ ಸ್ವೀಕರಿಸಿದ ಬಿಲ್ ವೆಸ್ಟೆನ್‌ಹೋಫರ್ ಸಂಸ್ಥೆಯ ಸಂಕಷ್ಟ ಹೇಳತೊಡಗಿದಾಗ 'ಜಾಸ್' ಚಿತ್ರದ ಸಂಗೀತ ನುಡಿಸಿ ಮಾತು ನಿಲ್ಲಿಸಿದರು. 2016ರ 'ದ ಜಂಗಲ್ ಬುಕ್' ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ಚಿತ್ರಿತವಾಯಿತು. ಮೌಗ್ಲಿಯಾದ ಹುಡುಗನ ಎದುರು ಬೊಂಬೆಯಾಡಿಸುವವರು ನಿಂತು ಅವನ ನೋಟಕ್ಕೆ ಆಸರೆ ಕೊಟ್ಟರು. ಅವನ ಸುತ್ತಲಿನ ಕಾಡು, ಪ್ರಾಣಿಗಳನ್ನು ಮೂಡಿಸಿದ ಎಂಪಿಸಿ ಎಂಬ ಎಫೆಕ್ಟ್ಸ್ ಸಂಸ್ಥೆಯ ತಂಡದಲ್ಲಿ ಬೆಂಗಳೂರಿನ ಕಲಾವಿದರೂ ಇದ್ದರು. ಒಂದೊಂದು ಫ್ರೇಮಿನಲ್ಲೂ ಆಕೃತಿಯ ಅಂಚು ಬಿಡಿಸುವ ರೋಟೊ, ತಂತಿ ಅಳಿಸುವ ಪೇಂಟ್ ಕೆಲಸಗಳ ದೊಡ್ಡ ಪಾಲು ಭಾರತದ ನಗರಗಳಲ್ಲೇ ನಡೆಯುತ್ತದೆ. ಹ್ಯಾರಿಹೌಸನ್‌ನ ತಾಳ್ಮೆಯನ್ನು ಮೆಚ್ಚುವವರು ಈ ತಾಳ್ಮೆಯನ್ನು ಕೈಗೆಲಸವಲ್ಲ ಎನ್ನುವುದು ಹೇಗೆ? 2025ರ ಫೆಬ್ರವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಸ್ಟುಡಿಯೊ ಬಾಗಿಲು ಮುಚ್ಚಿ ಅಲ್ಲಿನವರು ಕೆಲಸ ಕಳೆದುಕೊಂಡರು. ಚಿತ್ರದಲ್ಲಿ ಗ್ರಾಫಿಕ್ಸೇ ಇಲ್ಲವೆಂದು ನಂಬಿಸಿದ ಉದ್ಯಮಕ್ಕೆ ಅದನ್ನು ಮಾಡಿದವರ ಕೂಲಿ, ಭದ್ರತೆಗಳ ಪ್ರಶ್ನೆಯನ್ನು ಬದಿಗೊತ್ತುವುದೂ ಸುಲಭವಾಗುತ್ತದೆ.

ಹೀಗಾಗಿ ವಿಮರ್ಶೆಯ ಪ್ರಶ್ನೆ ಬದಲಾಗಬೇಕು. ನಿಜವೋ ಗ್ರಾಫಿಕ್ಸೋ ಎಂದು ಕೇಳಿದರೆ ಸಿಗುವ ಉತ್ತರದಿಂದ ಏನೂ ತಿಳಿಯುವುದಿಲ್ಲ. ಈ ಪ್ರಾಣಿಗೆ ತೂಕವಿದೆಯೇ? ಅದರ ಮೇಲಿನ ಬೆಳಕು ಪಕ್ಕದ ನಟನ ಮುಖದ ಮೇಲಿನ ಬೆಳಕಿಗೆ ಹೊಂದುತ್ತದೆಯೇ? ಏನು ಕಾಣಬೇಕೆಂದು ನಿರ್ದೇಶಕರು ಚಿತ್ರೀಕರಣಕ್ಕೆ ಮುಂಚೆ ನಿರ್ಧರಿಸಿದ್ದರೇ? ಕೈಬೊಂಬೆ ಬಲ್ಲವರೂ ಕಂಪ್ಯೂಟರ್ ಬಲ್ಲವರೂ ಒಂದೇ ಮೇಜಿನ ಸುತ್ತ ಕೂತಿದ್ದರೇ? ಮಾಡಿದವರೆಲ್ಲರ ಹೆಸರು ತೆರೆಯ ಮೇಲೆ ಬಂತೇ? ಟಿಪೆಟ್‌ನ ಬೆರಳುಗಳು ಕಲಿತದ್ದನ್ನು ಕಂಪ್ಯೂಟರಿಗೆ ಕಲಿಸಲು 1993ರಲ್ಲಿ ಉಪಕರಣವನ್ನೇ ಹೊಸದಾಗಿ ಕಟ್ಟಿದ ಉದ್ಯಮಕ್ಕೆ ಈ ಪ್ರಶ್ನೆಗಳಿಗೆ ಉತ್ತರಿಸುವ ಶಕ್ತಿ ಇಂದಿಗೂ ಇದೆ. ಆ ಉತ್ತರಗಳನ್ನು ಕೇಳಿ ಪಡೆಯುವ ಹೊಣೆ ಪ್ರೇಕ್ಷಕರದ್ದು, ವಿಮರ್ಶಕರದ್ದು.