ರಾಳದ ಹೊಗೆ

ಸತ್ತ ಫೋನಿನ ಬೋರ್ಡಿನಲ್ಲಿ ಶಾರ್ಟ್ ಹುಡುಕುವ ಚಂದವನ್ನು ನೋಡಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಅಲ್ಲಿನ ಸಂದಿಗೊಂದಿಗಳಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಇಕ್ಕಟ್ಟಿನ ಅಂಗಡಿಗಳಲ್ಲಿ ‘ಚಿಪ್ ಲೆವೆಲ್’ ಕೆಲಸದ ಹುಡುಗರಿದ್ದಾರೆ. ಮೈಕ್ರೋಸ್ಕೋಪ್, ಮಲ್ಟಿಮೀಟರ್, ಬಿಸಿಗಾಳಿಯ ಗನ್, ಫ್ಲಕ್ಸ್ ಡಬ್ಬಿ ಇಟ್ಟರೆ ಮೇಜು ತುಂಬಿತು.

ಮೀಟರ್ ಬೀಪ್ ಎಂದರೆ ಶಾರ್ಟ್ ಇದೆ ಎಂದು ಗೊತ್ತಾಯಿತು. ಆದರೆ ಎಲ್ಲಿ? ಒಂದೇ ಲೈನಿನಲ್ಲಿ ಹತ್ತಾರು ಕೆಪಾಸಿಟರ್‌ಗಳು. ತೀರಾ ಚಿಕ್ಕವು 0.4 ಮಿಲಿಮೀಟರ್ ಉದ್ದ, 0.2 ಅಗಲ. ಹುಡುಗ ಕಾದ ಐರನ್ನಿನ ತುದಿಯನ್ನು ರಾಳಕ್ಕೆ ತಾಗಿಸುತ್ತಾನೆ. ಎದ್ದ ಹೊಗೆ ಬೋರ್ಡಿನ ಮೇಲೆ ವಿಭೂತಿ ಬಳಿದ ಹಾಗೆ ತೆಳ್ಳಗೆ ಬೆಳ್ಳಗೆ ಕೂರುತ್ತದೆ. ಪವರ್ ಸಪ್ಲೈಯಿಂದ ಆ ಲೈನಿಗೆ ಸಣ್ಣ ವೋಲ್ಟೇಜ್ ಕೊಟ್ಟರೆ, ಕೆಟ್ಟ ಕೆಪಾಸಿಟರ್ ಮಾತ್ರ ಬಿಸಿಯಾಗಿ, ಮೇಲಿನ ಬಿಳುಪು ಕರಗಿ, ಅದರ ಕಂದು ಮೈ ಹೊಳೆಯುತ್ತದೆ. “ಸಿಕ್ತು ಸರ್!” ಚೂರು ರಾಳದಿಂದ ಇಷ್ಟು ಕರಾರುವಾಕ್ಕಾದ ಉತ್ತರ! ಚಿಮಟದಲ್ಲಿ ಅದನ್ನು ಕಿತ್ತರೆ, ಎಷ್ಟೋ ಸಲ ಬದಲಿ ಕೂರಿಸುವ ಮೊದಲೇ ಫೋನ್ ಆನ್ ಆಗುತ್ತದೆ.

ಕಂಪನಿಗಳ ಸರ್ವಿಸ್ ಸೆಂಟರಿನಲ್ಲಿ ಸಾಮಾನ್ಯವಾಗಿ ಈ ಹುಡುಕಾಟವೇ ಇರುವುದಿಲ್ಲ. ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಮೆಮೊರಿ ಚಿಪ್ ಕೂತಿರುವುದು ಆ ಬೋರ್ಡಿನ ಮೇಲೇ. ಬ್ಯಾಕಪ್ ಇಲ್ಲದಿದ್ದರೆ ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಕೂಡ ಅದರೊಂದಿಗೇ ಹೋಯಿತು. ಅದನ್ನು ಉಳಿಸಿಕೊಡುವ ಕೈಯನ್ನು ‘ಲೋಕಲ್’ ಎಂದು ಹಗುರವಾಗಿ ಕಾಣುವುದು ನನಗೆ ಸಹಿಸಲಾಗದು.

ಬಿಡಿಭಾಗಗಳನ್ನು ಸಾಫ್ಟ್‌ವೇರಿನಿಂದ ಫೋನಿಗೆ ಕಟ್ಟಿಹಾಕುವ ಪದ್ಧತಿ ಬಂದು ಕೆಲಸ ಇನ್ನಷ್ಟು ಬಿಗಿಯಾಯಿತು. ಹೊರಗಿನ ಬ್ಯಾಟರಿ ಹಾಕಿದರೆ ಐಫೋನ್ ಅದನ್ನು ಗುರುತಿಲ್ಲದ ಭಾಗವೆಂದು ಪರದೆಯ ಮೇಲೆ ಬರೆಯುತ್ತದೆ. ರಿಪೇರಿಯವರು ಅದಕ್ಕೂ ದಾರಿ ಕಂಡುಕೊಂಡರು: ಹಳೆಯ ಬ್ಯಾಟರಿಯ ತುದಿಯಲ್ಲಿರುವ ಪುಟ್ಟ ಸರ್ಕ್ಯೂಟನ್ನು ಬಿಡಿಸಿ ಹೊಸ ಸೆಲ್ಲಿಗೆ ಸ್ಪಾಟ್ ವೆಲ್ಡಿಂಗ್ ಮಾಡುತ್ತಾರೆ. ಕೈ ತಪ್ಪಿದರೆ ಸೆಲ್ಲೇ ಹೊತ್ತಿಕೊಳ್ಳಬಹುದಾದ ಕೆಲಸವಿದು. ಒಳ್ಳೆಯ ಕೈಚಳಕ ಇರುವವರು ಇಲ್ಲಿ ಅವಸರ ಮಾಡುವುದಿಲ್ಲ.

2022ರ ಏಪ್ರಿಲ್‌ನಲ್ಲಿ ಆಪಲ್ ಅಮೆರಿಕದಲ್ಲಿ ಸಾಮಾನ್ಯ ಗ್ರಾಹಕರಿಗೂ ಬಿಡಿಭಾಗ ಮಾರತೊಡಗಿತು, ರಿಪೇರಿ ಕೈಪಿಡಿಗಳನ್ನು ತೆರೆದಿಟ್ಟಿತು. ಅದೇ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಎರಡೂ ಒಳ್ಳೆಯದೇ. ಆದರೆ ಚಿಪ್ ಲೆವೆಲ್ ಕೆಲಸಕ್ಕೆ ಬೇಕಾದ ಸರ್ಕ್ಯೂಟ್ ನಕ್ಷೆ ಆ ಕೈಪಿಡಿಗಳಲ್ಲಿಲ್ಲ. ನಕ್ಷೆ ಸಿಗದ ಮಾಡೆಲ್ ಬಂದಾಗ ನಮ್ಮ ಹುಡುಗರು ಅದೇ ಮಾಡೆಲ್ಲಿನ ಒಳ್ಳೆಯ ಬೋರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಪಾಯಿಂಟಿನ ರೀಡಿಂಗನ್ನೂ ಹೋಲಿಸುತ್ತಾ, ನಕ್ಷೆಯನ್ನು ತಾವೇ ಬರೆದುಕೊಳ್ಳುತ್ತಾರೆ.