ಗುರುವನ ಮನೆಯೊಳಗೆ ಯಾರೂ ಹೋಗಲಿಲ್ಲ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ, ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದ ದೊಡ್ಡಬಳ್ಳಾಪುರ ಸೀಮೆಯವರಿಗೆ ಚೋಮನ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತಿದ್ದೂ ಉಳಲು ಗೇಣು ಹೊಲವಿಲ್ಲ ಎಂದರೇನು ಎನ್ನುವುದು ಇಲ್ಲಿ ಮಕ್ಕಳಿಗೂ ತಿಳಿಯುವ ಮಾತು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ನಾನದನ್ನು ಮೂರನೆಯ ಸಲ ಓದಿದ್ದು ರಾಜಘಟ್ಟದಲ್ಲಿ, ನೆಂಟರ ಮನೆಯ ಜಗಲಿಯ ಮೇಲೆ. ಮೊದಲೆರಡು ಸಲ ಚೋಮನಿಗಾಗಿ ಮರುಗಿದ್ದೆ. ಈ ಸಲ ಅವನ ಮಗ ಗುರುವನ ವಿಷಯದಲ್ಲಿ ಕಾರಂತರ ಮೇಲೆ ತಕರಾರು ಹುಟ್ಟಿತು.

ಮೊದಲು ತಕರಾರಿಲ್ಲದ ಕಡೆಯನ್ನು ಹೇಳಿಬಿಡುತ್ತೇನೆ. ಕಾರಂತರು ದೇವರನ್ನು ನೆಚ್ಚಿಕೊಂಡವರಲ್ಲ. ಕಾಣದ, ಅರಿಯದ ಒಂದನ್ನು ನಂಬಿದ್ದೇನೆಂದು ಹೇಳಿಕೊಳ್ಳುವುದು ಅವರ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಅಂಥವರ ಕೈಯಿಂದ ಕನ್ನಡದಲ್ಲಿ ಭಕ್ತಿಯ ಒಂದು ಮರೆಯಲಾಗದ ಗಳಿಗೆ ಮೂಡಿತು. ನೀರಲ್ಲಿ ಮುಳುಗುತ್ತಿದ್ದ ಚೋಮನ ಹುಡುಗನನ್ನು ಮುಟ್ಟಿ ಮೇಲೆತ್ತಲು ಮೇಲುಜಾತಿಯವರ ಮೈಲಿಗೆ ಅಡ್ಡ ಬರುತ್ತದೆ. ಹುಡುಗ ಸಾಯುತ್ತಾನೆ. ಇನ್ನು ಈ ಜಾತಿಯ ಸಹವಾಸವೇ ಬೇಡ, ಪಾದ್ರಿಯ ಹತ್ತಿರ ಹೋದರೆ ಹೊಲವಾದರೂ ಸಿಕ್ಕೀತು ಎಂದು ಚೋಮ ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿ ಭೂತದ ನೆನಪು ಕಾಲಿಗೆ ತೊಡರುತ್ತದೆ. ತಿರುಗಿ ಮನೆಗೆ ಬರುತ್ತಾನೆ.

ದೇವರಿಲ್ಲವೆನ್ನುವ ಲೇಖಕನಿಗೆ ಇದು ಗೇಲಿ ಮಾಡಲು ಹೇಳಿ ಮಾಡಿಸಿದ ಜಾಗ. ಬಾಳೆಲ್ಲ ಕನಸಿದ ಹೊಲ ಕೈಗೆ ಸಿಗುವ ಹೊತ್ತಿಗೆ ಮೂಢನಂಬಿಕೆ ಬಂದು ಕೆಡಿಸಿತು ಎಂದು ಒಂದು ಸಾಲು ಬರೆದಿದ್ದರೂ ಸಾಕಿತ್ತು. ಕಾರಂತರು ಬರೆಯಲಿಲ್ಲ. ಚೋಮನಿಗೆ ಪಂಜುರ್ಲಿ ಎಂದರೆ ಅಪ್ಪ, ಅಜ್ಜ, ಸತ್ತ ಮಕ್ಕಳು, ದುಡಿಯ ಸದ್ದು ಎಲ್ಲ ಸೇರಿದ ಒಂದು ಹೆಸರು ಎನ್ನುವುದನ್ನು ಅವರು ಕಂಡಿದ್ದರು. ತನ್ನದಲ್ಲದ ನಂಬಿಕೆಯ ಒಳಗೆ ಚಪ್ಪಲಿ ಕಳಚಿ ಹೋದ ಹಾಗೆ ಹೋಗಿ ಬಂದರು. ನಂಬದವನು ನಂಬಿದವನಿಗೆ ತೋರಬಹುದಾದ ಕರುಣೆ ಇದಕ್ಕಿಂತ ದೊಡ್ಡದು ಇರಲಾರದು.

ಆದರೆ ಅದೇ ಕಾದಂಬರಿಯಲ್ಲಿ ಇನ್ನೊಂದು ನಂಬಿಕೆಯವರೂ ಇದ್ದಾರೆ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಗುರುವ ಅಲ್ಲಿ ಕ್ರೈಸ್ತ ಹುಡುಗಿಯೊಬ್ಬಳಿಗೆ ಒಲಿದು ಅಲ್ಲೇ ಉಳಿಯುತ್ತಾನೆ. ತೋಟದ ಮನ್ವೇಲ ಸಾಲದ ಲೆಕ್ಕಕ್ಕೆ ಚೋಮನ ಮಗಳು ಬೆಳ್ಳಿಯನ್ನು ಬಳಸಿಕೊಳ್ಳುತ್ತಾನೆ. ಹೊಲದ ಆಸೆ ಹುಟ್ಟಿಸುವ ಪಾದ್ರಿಯಂತೂ ಹೆಚ್ಚಾಗಿ ಸುದ್ದಿಯಾಗಿಯೇ ಉಳಿಯುತ್ತಾನೆ. ಕದ್ದೊಯ್ದ ಹುಡುಗಿ, ಕೆಡಿಸಿದ ಗಂಡಸು, ಆಸೆ ತೋರಿಸಿದ ಗುರು: ಚೋಮನ ಅಂಗಳದಿಂದ ನೋಡಿದರೆ ಹೀಗೆಯೇ ಕಾಣಬೇಕು, ಒಪ್ಪುತ್ತೇನೆ. ಆದರೆ ಗುರುವ ಚೋಮನಲ್ಲ. ಅವನು ಯಾವ ಪಂಜುರ್ಲಿಯನ್ನು ಬಿಟ್ಟು ನಡೆದ? ಬಿಡುವಾಗ ಅವನ ಕಾಲಿಗೆ ಏನೂ ತೊಡರಲಿಲ್ಲವೇ? ಮೊದಲ ಸಲ ಇಗರ್ಜಿಯ ಬೆಂಚಿನ ಮೇಲೆ ಬೇರೆಯವರ ಪಕ್ಕದಲ್ಲೇ ಕೂತಾಗ, ಮೈಲಿಗೆಯಾಯಿತೆಂದು ಯಾರೂ ಎದ್ದು ಹೋಗದಿದ್ದಾಗ, ಅವನಿಗೆ ಏನನ್ನಿಸಿತು? ಕಾದಂಬರಿ ಅವನ ಜೊತೆ ಘಟ್ಟ ಹತ್ತುವುದಿಲ್ಲ. ಮಗ ಹೋದ ಎಂಬ ತಂದೆಯ ನೋವು ದಾಖಲಾಗುತ್ತದೆ, ಮಗ ಎಲ್ಲಿಗೆ ಹೋದ ಎನ್ನುವುದು ಆಗುವುದಿಲ್ಲ.

ಕಾರಂತರಿಗೆ ಆ ಲೋಕ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅಚ್ಚುಕೂಟ, ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ, ಎಲ್ಲವೂ ಅವರು ಹುಟ್ಟುವ ಮೊದಲೇ ಅವರ ಜಿಲ್ಲೆಯಲ್ಲಿದ್ದವು. ಆ ಕಾರ್ಖಾನೆಗಳ ಹಿಂದಿನ ಒಂದು ಕಾರಣ ನಮ್ಮಲ್ಲಿ ಎಷ್ಟೋ ಸಲ ಮರೆತುಹೋಗುತ್ತದೆ. ಜಾತಿ ಬಿಟ್ಟು ಬಂದವನಿಗೆ ಮನೆಯ ಬಾಗಿಲೂ ಮುಚ್ಚುತ್ತಿತ್ತು, ಕುಲಕಸುಬೂ ತಪ್ಪುತ್ತಿತ್ತು. ಅವನಿಗೆ ಅನ್ನದ ದಾರಿ ಮಾಡಲೇಬೇಕಿತ್ತು. ಆಮಿಷ ಎಂಬ ಒಂದೇ ಪದದಲ್ಲಿ ಈ ಕಥೆಯನ್ನು ಮುಗಿಸಿದರೆ, ಮೊದಲು ಬಾಗಿಲು ಮುಚ್ಚಿದವರ ಪಾತ್ರ ಮಾಯವಾಗುತ್ತದೆ. ಕಾರಂತರು ಬಾಗಿಲು ಮುಚ್ಚಿದವರನ್ನು ಬಿಟ್ಟವರಲ್ಲ, ಒಡೆಯ ಸಂಕಪ್ಪಯ್ಯನ ಮನೆಯ ಒಳಗುಟ್ಟೆಲ್ಲ ಬಯಲು ಮಾಡಿದ್ದಾರೆ. ಬಾಗಿಲು ತೆರೆದವರ ಕಡೆಗೆ ಮಾತ್ರ ಅವರ ಕಣ್ಣು ಅರ್ಧ ಮುಚ್ಚಿದೆ. 1975ರಲ್ಲಿ ಬಿ.ವಿ. ಕಾರಂತರು ತೆಗೆದ, ಸ್ವರ್ಣಕಮಲ ಪಡೆದ ಸಿನಿಮಾದಲ್ಲೂ ಈ ಲೆಕ್ಕ ಬದಲಾಗಲಿಲ್ಲ. ಚಿತ್ರಕಥೆಯೂ ಶಿವರಾಮ ಕಾರಂತರದೇ. ವಾಸುದೇವರಾವ್ ಅವರ ಮುಖವನ್ನು ನೋಡಿದ ಮೇಲೆ ಗುರುವನ ನೆನಪು ಯಾರಿಗೆ ಬರುತ್ತದೆ!

ಕಾರಣ ಏನಿರಬಹುದು? ನನಗೆ ತೋರುವುದು ಇಷ್ಟು. ಪಂಜುರ್ಲಿ ಯಾರನ್ನೂ ತನ್ನ ಕಡೆಗೆ ಕರೆಯುವುದಿಲ್ಲ, ಪುಸ್ತಕ ಹಂಚುವುದಿಲ್ಲ, ನಾಸ್ತಿಕನ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ಪಾದ್ರಿ ನಿಲ್ಲುತ್ತಾನೆ. ಲೋಕಕ್ಕೆಲ್ಲ ಒಂದೇ ಸತ್ಯ ಎನ್ನುವವನ ಎದುರು ವಿಚಾರವಾದಿಗೆ ತಾನೂ ಒಬ್ಬ ಎದುರಾಳಿ ಎನಿಸಿಬಿಡುತ್ತದೆ. ತನಗಿಂತ ದುರ್ಬಲ ಎನಿಸಿದ ನಂಬಿಕೆಗೆ ಮರುಗುವುದು ಸುಲಭ, ಸರಿಸಮನಾಗಿ ವಾದಿಸುವ ನಂಬಿಕೆಗೆ ಮರುಗುವುದು ಕಷ್ಟ. ಪಾದ್ರಿಯ ಕಡೆಯಲ್ಲೂ ಇದೇ ರೋಗ ಉಂಟು. 2012ರಲ್ಲಿ ಮುಂಬೈಯ ಒಂದು ಚರ್ಚಿನಲ್ಲಿ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕಿತು. ಗೋಡೆಯೊಳಗಿನ ತೇವ ಮೇಲೇರಿ ಬರುತ್ತಿದೆ ಎಂದು ವಿಚಾರವಾದಿ ಸನಲ್ ಇಡಮರುಕು ತೋರಿಸಿದರು. ಕ್ಯಾಥೊಲಿಕ್ ಸಂಘಟನೆಗಳು ಪೊಲೀಸರಿಗೆ ದೂರು ಕೊಟ್ಟವು, ಇಡಮರುಕು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಕೊಳಾಯಿ ರಿಪೇರಿಯವನನ್ನು ಕರೆಸಿ ಮುಗಿಸಬಹುದಾಗಿದ್ದ ಮಾತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಪಾದ್ರಿ ಜೀವರತ್ನಯ್ಯನನ್ನು ಇಲ್ಲಿ ತರುವ ಆಸೆಯಾಗುತ್ತದೆ. ಆದರೆ ಕುವೆಂಪು ನಾಸ್ತಿಕರಲ್ಲ, ಅವರ ಜಗಳ ಬೇರೆ. ಅವರ ಮಗನ ಹತ್ತಿರ ಹೋಗೋಣ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದುವಾಗ ನಾಯಕ ವಿಜ್ಞಾನಿ ಕ್ರೈಸ್ತ ಎನ್ನುವುದು ಎಷ್ಟು ಜನರ ತಲೆಗೆ ಬರುತ್ತದೆ? ತೇಜಸ್ವಿ ದೇವರ ಹಂಗು ಇಟ್ಟುಕೊಳ್ಳದ ಬರಹಗಾರ. ತೇಜಸ್ವಿಯವರ ಕೈಯಲ್ಲಿ ಕರ್ವಾಲೊ ಮತಾಂತರ ಮಾಡುವವರೂ ಅಲ್ಲ, ಹುಡುಗಿ ಕೆಡಿಸುವವರೂ ಅಲ್ಲ. ಊರವರಿಗೆ ಅಬ್ಬೇಪಾರಿಯಾಗಿ ಕಂಡ ಮಂದಣ್ಣನಲ್ಲಿ ಒಬ್ಬ ಹುಟ್ಟು ವಿಜ್ಞಾನಿಯನ್ನು ಗುರುತಿಸುವವರು ಅವರು. ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು, ಎಲ್ಲದರಲ್ಲೂ ಪಕ್ಕಕ್ಕೆ ನಿಲ್ಲುತ್ತಾರೆ. ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕ ಆ ಗುಂಪಿನಲ್ಲಿ ಯಾರ ಜಾತಿ ಧರ್ಮವೂ ಲೆಕ್ಕಕ್ಕಿಲ್ಲ. ಕನ್ನಡ ಕಾದಂಬರಿಯಲ್ಲಿ ಕ್ರೈಸ್ತನೊಬ್ಬ ಬರೀ ಮನುಷ್ಯನಾಗಿ, ಅದೂ ದೊಡ್ಡ ಮನುಷ್ಯನಾಗಿ ಓಡಾಡಿದ್ದು ನೋಡಿ ಸಂತೋಷವಾಗುತ್ತದೆ.

ಆ ಸಂತೋಷಕ್ಕೂ ಒಂದು ಕೊಸರು ಇದೆ. ಕರ್ವಾಲೊ ಅವರ ಧರ್ಮ ಅವರ ಹೆಸರಿನಿಂದಾಚೆಗೆ ಬರುವುದೇ ಇಲ್ಲ. ಅವರಿಗೆ ರಾವ್ ಎಂದೋ ಗೌಡ ಎಂದೋ ಹೆಸರಿಟ್ಟಿದ್ದರೂ ಕಥೆಗೆ ಏನೂ ಕುಂದಾಗುತ್ತಿರಲಿಲ್ಲ. ಕೋಟ್ಯಂತರ ವರ್ಷದ ಜೀವವಿಕಾಸವನ್ನು ಕಣ್ಣೆದುರು ಕಂಡು, ಅದು ಪ್ರಪಾತಕ್ಕೆ ಹಾರಿ ಕೈ ತಪ್ಪಿದ ಮೇಲೆ, ಭಾನುವಾರ ಆ ಮನುಷ್ಯ ಪೂಜೆಗೆ ಹೋಗುತ್ತಿದ್ದರೆ? ಆ ಎರಡನ್ನೂ ಒಂದೇ ಎದೆಯಲ್ಲಿ ಹೊತ್ತುಕೊಂಡ ಕರ್ವಾಲೊ ಇನ್ನೂ ದೊಡ್ಡ ಪಾತ್ರವಾಗುತ್ತಿದ್ದರು. ಧರ್ಮವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ತೇಜಸ್ವಿಯವರ ಔದಾರ್ಯ. ಅತಿಥಿ ತನ್ನ ಗಂಟನ್ನು ಹೊರಗಿಟ್ಟು ಬಂದರೆ ಮಾತ್ರ ಒಳಗೆ ಮಣೆ ಹಾಕುವ ಔದಾರ್ಯ.

ಹೊಸ್ತಿಲ ಆ ಕಡೆಯಿಂದ ಬಂದವರು ಸಾಗರದ ನಾ. ಡಿಸೋಜ. 1937ರಲ್ಲಿ ಹುಟ್ಟಿ 2025ರ ಜನವರಿಯಲ್ಲಿ ತೀರಿಕೊಂಡರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಈ ಕ್ಯಾಥೊಲಿಕ್ ಲೇಖಕ ‘ದ್ವೀಪ’ ಬರೆದಾಗ ಗಣಪಯ್ಯ, ನಾಗವೇಣಿಯರ ಮನೆಯೊಳಗೆ ಅವರ ಅಡುಗೆ, ಹಬ್ಬ, ಅನುಮಾನಗಳ ಸಮೇತ ಹೊಕ್ಕರು. ಏರುವ ನೀರಿನ ನಡುವಿನ ಆ ಮನೆಯಲ್ಲಿ ಅವರು ಅತಿಥಿಯಂತೆ ವರ್ತಿಸುವುದಿಲ್ಲ. ಇಗರ್ಜಿಯ ಸುತ್ತಲಿನ ತಮ್ಮವರ ಬದುಕನ್ನು ಬರೆಯುವಾಗ ಚರ್ಚಿಗೆ ನೋವಾದೀತೆಂದು ಕೈ ಹಿಡಿದವರೂ ಅಲ್ಲ. ಕಾರಂತರಷ್ಟು ಬಿಗಿ, ತೇಜಸ್ವಿಯವರಷ್ಟು ಹೊಳಪು ಅವರ ಗದ್ಯಕ್ಕಿಲ್ಲ, ಕೆಲವೆಡೆ ವರದಿಯಂತೆ ಸಪ್ಪೆಯಾಗುತ್ತದೆ. ಆದರೂ ಎರಡು ಕಡೆಗೂ ನಡೆದು ಹೋದ ಕಾಲು ಅವರದು. ನಮ್ಮ ವಿಮರ್ಶೆ ಅವರನ್ನು ಮುಳುಗಡೆಯ ಲೇಖಕ ಎಂದು ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ನ್ಯಾಯವಲ್ಲ.

ರಾಜಘಟ್ಟದ ಜಗಲಿಯಿಂದ ಎದ್ದು ಒಂದು ಸಂಜೆ ಬೂದಿಗುಂಡಿಯ ಕಡೆ ಹೋದೆ. ಊರವರು ಹಾಗೆ ಕರೆಯುತ್ತಿದ್ದ ಆ ದಿಬ್ಬದಲ್ಲಿ 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್. ಕೃಷ್ಣಮೂರ್ತಿಯವರು ಉತ್ಖನನ ನಡೆಸಿದಾಗ ಬೌದ್ಧ ಚೈತ್ಯ, ವಿಹಾರಗಳ ಇಟ್ಟಿಗೆ ತಳಪಾಯ ಸಿಕ್ಕಿತು. ಜೊತೆಗೆ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು, ಅವುಗಳ ಒಡಲೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು. ಮುಚ್ಚಿದ ಮೇಲೆ ಆ ಬರಹ ಯಾರ ಕಣ್ಣಿಗೂ ಬೀಳುವುದಿಲ್ಲ. ಸೃಷ್ಟಿಕರ್ತನನ್ನು ಒಪ್ಪದ ಒಂದು ಧರ್ಮದವರು, ಯಾರೂ ಓದದ ಕಡೆ, ಇಷ್ಟು ಭಕ್ತಿಯಿಂದ ಬರೆದಿಟ್ಟಿದ್ದರು. ನಾಸ್ತಿಕ ಒಂದು ಕಡೆ, ಭಕ್ತ ಒಂದು ಕಡೆ ಎಂದು ನಾವು ಎಳೆದ ಗೆರೆ ಈ ದಿಬ್ಬದ ಮೇಲೆ ನಿಲ್ಲುವುದಿಲ್ಲ.

ಚೋಮನಿಗೆ 1933ರಲ್ಲಿ ಕಂಡದ್ದು ಎರಡೇ ದಾರಿ, ಪಂಜುರ್ಲಿ ಮತ್ತು ಪಾದ್ರಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಈ ಹಳೆಯ ಮೂರನೆಯ ಬಾಗಿಲನ್ನೇ ಮತ್ತೆ ತೆರೆದರು. ಆ ಬಾಗಿಲಲ್ಲಿ ಹೋದವರನ್ನು ನಮ್ಮ ಪ್ರಗತಿಪರ ಓದುಗ ಬಳಗ ಗೌರವದಿಂದ ಕಾಣುತ್ತದೆ, ಕಾಣಲೇಬೇಕು. ಗುರುವ ಹೋದದ್ದು ಪಕ್ಕದ ಬಾಗಿಲಲ್ಲಿ, ಇಪ್ಪತ್ತಮೂರು ವರ್ಷ ಮುಂಚೆ. ಅವನೂ ಅದೇ ಮೈಲಿಗೆಯಿಂದಲೇ ತಪ್ಪಿಸಿಕೊಂಡವನು. ಅವನನ್ನು ಮಾತ್ರ ಹುಡುಗಿಯ ಹಿಂದೆ ಹೋದವನೆಂದು ಓದಿ ಮುಂದಿನ ಪುಟಕ್ಕೆ ದಾಟುತ್ತೇವೆ.

ಕಾಫಿ ತೋಟದ ಲೈನ್ ಮನೆಯಲ್ಲಿ ಗುರುವ ಮತ್ತು ಆ ಹುಡುಗಿ ಹೇಗೆ ಬದುಕಿದರು, ಅಪ್ಪ ಸತ್ತ ಸುದ್ದಿ ಬಂದ ರಾತ್ರಿ ಅವನು ಯಾವ ದೇವರಿಗೆ ಕೈ ಮುಗಿದ, ಅಥವಾ ಮುಗಿಯಲಿಲ್ಲ, ಎನ್ನುವುದನ್ನು ಯಾರಾದರೂ ಬರೆಯಬೇಕು. ದೇವರನ್ನು ನಂಬದವರು ಬರೆದರೆ ಒಳ್ಳೆಯದು. ‘ಚೋಮನ ದುಡಿ’ಯನ್ನು ಕೆಳಗಿಡದೆ, ಅದರ ಪಕ್ಕದಲ್ಲೇ ಇಟ್ಟುಕೊಂಡು ಬರೆಯಲಿ.