ಹಾಮಿದನ ಭಯವನ್ನು ನಾವು ಓದಲೇ ಇಲ್ಲ

ಪ್ರೇಮಚಂದರ ‘ಈದ್ಗಾಹ್’ (1933) ಕಥೆಯನ್ನು ನಾನು ಮೊದಲು ಓದಿದ್ದು ಉರ್ದು ಶಾಲೆಯ ಪಠ್ಯಪುಸ್ತಕದಲ್ಲಿ. ಪಾಠ ಮುಗಿದ ಮೇಲೆ ಉಸ್ತಾದರು ಕೇಳುತ್ತಿದ್ದ ಪ್ರಶ್ನೆ ಒಂದೇ: ಹಾಮಿದನಿಂದ ನಾವೇನು ಕಲಿಯಬೇಕು? ತ್ಯಾಗ, ಹಿರಿಯರ ಸೇವೆ ಎಂದು ಬರೆದವರಿಗೆ ಪೂರ್ತಿ ಅಂಕ. ಮೂವತ್ತು ವರ್ಷ ನಾನೂ ಈ ಕಥೆಯನ್ನು ಹಾಗೆಯೇ ಓದಿಕೊಂಡು ಬಂದೆ.

ಈ ಓದು ಬದಲಾದದ್ದು ನನ್ನ ತಂಗಿಯ ಮಗಳಿಂದ. ನಾಲ್ಕನೇ ತರಗತಿಯ ಹುಡುಗಿ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರು. ‘ಬಹಳ ಒಳ್ಳೆಯ ಮಗು, ಒಂದು ಆಟದ ಸಾಮಾನನ್ನೂ ಕೇಳಿದವಳಲ್ಲ’ ಎಂದು ಮನೆಯವರೆಲ್ಲ ಹೊಗಳುತ್ತಿದ್ದರು. ಸೌದಿಯಲ್ಲಿದ್ದ ಅವಳ ಅಬ್ಬನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಮಗುವಿಗೆ ಇದೊಂದೂ ಗೊತ್ತಿಲ್ಲ ಎಂದೇ ನಾವು ನಂಬಿದ್ದೆವು. ಒಂದು ರಾತ್ರಿ ಅವಳು ನನ್ನ ಕಿವಿಯಲ್ಲಿ ಕೇಳಿದಳು: ‘ಮಾಮು, ನಾನು ಶಾಲೆಗೆ ಹೋದಾಗ ಅಮ್ಮಿ ಒಬ್ಬರೇ ಅಳ್ತಾರಾ?’

ಆ ರಾತ್ರಿ ‘ಈದ್ಗಾಹ್’ ಅನ್ನು ಮತ್ತೆ ತೆಗೆದು ಓದಿದೆ. ನಾಲ್ಕೈದು ವರ್ಷದ ಹಾಮಿದನ ತಂದೆ ಹಿಂದಿನ ವರ್ಷ ಕಾಲರಾಕ್ಕೆ ಬಲಿಯಾಗಿದ್ದಾನೆ. ತಾಯಿ ಏನೆಂದು ತಿಳಿಯದ ಕಾಯಿಲೆಯಿಂದ ಸತ್ತಿದ್ದಾಳೆ. ಮಗುವಿಗೆ ಹೇಳಿರುವುದೇ ಬೇರೆ: ಅಬ್ಬಾಜಾನ್ ದುಡ್ಡು ಗಳಿಸಲು ಹೋಗಿದ್ದಾರೆ, ಅಮ್ಮೀಜಾನ್ ಅಲ್ಲಾಹನ ಮನೆಯಿಂದ ಒಳ್ಳೊಳ್ಳೆಯ ವಸ್ತು ತರಲು ಹೋಗಿದ್ದಾರೆ. ಹಬ್ಬದ ದಿನ ಮನೆಯಲ್ಲಿ ಕಾಳಿಲ್ಲವೆಂದು ಅಜ್ಜಿ ಅಮೀನಾ ಅಳುತ್ತಾಳೆ. ಜಾತ್ರೆಯ ಗದ್ದಲದಲ್ಲಿ ಮೊಮ್ಮಗ ಎಲ್ಲಿ ಕಳೆದುಹೋಗುತ್ತಾನೋ ಎಂಬ ದಿಗಿಲು ಬೇರೆ. ಆಗ ಆ ಪುಟ್ಟ ಹುಡುಗನೇ ಅವಳಿಗೆ, ಹೆದರಬೇಡ, ಎಲ್ಲರಿಗಿಂತ ಮೊದಲು ಬಂದುಬಿಡುತ್ತೇನೆ ಎಂದು ಧೈರ್ಯ ಹೇಳುತ್ತಾನೆ. ಭಯ ದೊಡ್ಡವರದು, ಸಮಾಧಾನ ಹೇಳುವ ಹೊಣೆ ಮಗುವಿನದು! ಈ ಸಾಲನ್ನು ನಾವು ಇಷ್ಟು ವರ್ಷ ದಾಟಿಕೊಂಡು ಹೋದೆವು.

ಮುಂದಿನದು ಎಲ್ಲರಿಗೂ ಗೊತ್ತು. ಗೆಳೆಯರು ಮಣ್ಣಿನ ಬೊಂಬೆ, ಮಿಠಾಯಿ ಕೊಳ್ಳುವಾಗ ಹಾಮಿದ್ ತನ್ನ ಮೂರು ಪೈಸೆಗೆ ಚಿಮ್ಟಾ ಕೊಳ್ಳುತ್ತಾನೆ; ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ತವೆಗೆ ತಾಗಿ ಸುಡುತ್ತದೆ. ಇದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಜಾತ್ರೆಯ ನಡುವೆಯೂ ಮನೆಯ ಒಲೆಯನ್ನು ಮರೆಯಲಾರದ ಮಗುವಿನಲ್ಲಿ ಪ್ರೀತಿಯ ಜೊತೆಗೆ ಒಂದು ಕಾವಲೂ ಇದೆ: ಉಳಿದಿರುವ ಈ ಒಬ್ಬಳಿಗೂ ಏನಾದರೂ ಆದೀತೇ ಎಂಬ ಕಾವಲು. ಕಥೆಯಲ್ಲಿ ಹಾಮಿದ್ ಗೆಲುವಾಗಿಯೇ ಇದ್ದಾನಲ್ಲ, ಇಂದಿನ ಡಾಕ್ಟರರ ಮಾತನ್ನು ಅವನ ಮೇಲೆ ಹೇರುತ್ತೀರಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಮಗು ಮುದುಕನ ಪಾತ್ರ ವಹಿಸಿತು, ಮುದುಕಿ ಮಗುವಾದಳು ಎಂಬ ಸೂಚನೆಯನ್ನು ಕೊನೆಯಲ್ಲಿ ಕೊಡುವವರು ಪ್ರೇಮಚಂದರೇ. ಅದನ್ನು ಕೇವಲ ನೀತಿಪಾಠ ಮಾಡಿಕೊಂಡವರು ನಾವು.

ಇಂಥ ಓದು ಉರ್ದುವಿನ ದೋಷ ಮಾತ್ರವಲ್ಲ. ಪುರಂದರದಾಸರ ಗುಮ್ಮನ ಕೀರ್ತನೆಯನ್ನು ನಾವು ವಾತ್ಸಲ್ಯದ ಹಾಡೆಂದು ಸವಿಯುತ್ತೇವೆ. ಗುಮ್ಮನನ್ನು ಕರೆಯಬೇಡವೆಂದು ಬೇಡುವ ಬಾಲಕೃಷ್ಣ ತನ್ನ ಒಂದೊಂದೇ ತುಂಟತನವನ್ನು ತಾಯಿಗೆ ಒಪ್ಪಿಸಿಬಿಡುತ್ತಾನೆ. ಜಗತ್ತನ್ನೇ ಆಳುವವನು ಗುಮ್ಮನಿಗೆ ಅಂಜುವುದರಲ್ಲಿ ದಾಸರ ವಿನೋದವಿದೆ. ನಮ್ಮ ಮನೆಗಳಲ್ಲಿ ಆ ವಿನೋದವಿಲ್ಲ, ಗುಮ್ಮ ಮಾತ್ರ ಉಳಿದಿದ್ದಾನೆ. ಪೊಲೀಸ್, ಇಂಜೆಕ್ಷನ್, ಪರೀಕ್ಷೆ, ‘ಹೀಗೆ ಮಾಡಿದರೆ ನಿನ್ನನ್ನು ಬಿಟ್ಟು ಹೋಗುತ್ತೇನೆ’ ಎಂಬ ಬೆದರಿಕೆ, ಎಲ್ಲವೂ ಗುಮ್ಮನೇ. ಹೆದರಿ ಸುಮ್ಮನಾದ ಮಗುವನ್ನು ನಾವು ‘ಒಳ್ಳೆಯ ಮಗು’ ಎಂದು ಕರೆಯುತ್ತೇವೆ.

ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನೂ, 1977ರಲ್ಲಿ ಗಿರೀಶ್ ಕಾಸರವಳ್ಳಿ ಅದನ್ನು ಆಧರಿಸಿ ಮಾಡಿದ ಚಿತ್ರವನ್ನೂ ನಾವು ವಿಧವೆ ಯಮುನಕ್ಕನ ದುರಂತವಾಗಿ, ಜಾತಿವ್ಯವಸ್ಥೆಯ ವಿಮರ್ಶೆಯಾಗಿ ನೋಡಿದ್ದೇವೆ. ಅದು ಸರಿಯೇ. ಆದರೆ ಆ ಅಗ್ರಹಾರವನ್ನು ನಮಗೆ ತೋರಿಸುವುದು ಪುಟ್ಟ ನಾಣಿಯ ಕಣ್ಣು. ಮನೆ ಬಿಟ್ಟು ಬಂದ ಅವನಿಗೆ ಅಕ್ಕರೆ ತೋರಿದವಳು ಅವಳೊಬ್ಬಳೇ. ಅವಳು ಹುತ್ತದೊಳಗೆ ಕೈಯಿಡುವ ರಾತ್ರಿ ಜೊತೆಗಿದ್ದವನೂ ಅವನೇ. ಕೊನೆಗೆ ತಂದೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಾನೆ. ಕಂಡದ್ದಕ್ಕೆಲ್ಲ ಒಂದು ಅರ್ಥ ಹೇಳಿ ಅವನ ಬೆನ್ನು ಸವರುವ ಹಿರಿಯರು ಆ ಲೋಕದಲ್ಲಿ ಕಾಣುವುದಿಲ್ಲ. ಅಪಾಯದಿಂದ ದೂರ ಒಯ್ದರೆ ಸಾಕು, ಮಗು ಮರೆತುಬಿಡುತ್ತದೆ ಎಂಬುದು ನಮ್ಮ ಹಳೆಯ ನಂಬಿಕೆ.

ನಮ್ಮ ಸಮುದಾಯ ಇಲ್ಲಿ ತನ್ನನ್ನೂ ಪ್ರಶ್ನಿಸಿಕೊಳ್ಳಬೇಕು. ಅಲ್ಲಾಹನ ಕರುಣೆಯನ್ನು ಕಲಿಸುವ ಮೊದಲೇ ಕಬರಿನ ಅಜಾಬನ್ನು ವರ್ಣಿಸಿ ಮಕ್ಕಳ ನಿದ್ದೆ ಕೆಡಿಸುವ ಮಕ್ತಬುಗಳು ಇವೆ. ಅದೇ ಪರಂಪರೆಯಲ್ಲಿ ಅಬೂ ಉಮೈರ್ ಎಂಬ ಬಾಲಕನ ಪ್ರಸಂಗವೂ ಇದೆ. ಸಾಕಿದ ಪುಟ್ಟ ಹಕ್ಕಿ ಸತ್ತು ಅವನು ಸಪ್ಪಗಿದ್ದಾಗ ಪ್ರವಾದಿಯವರು (ಸ) ‘ಹಕ್ಕಿ ತಾನೇ’ ಎಂದು ತಳ್ಳಿಹಾಕಲಿಲ್ಲ. ಪ್ರೀತಿಯಿಂದ ಹೆಸರಿಟ್ಟು ಕರೆದು ಆ ಹಕ್ಕಿಯ ಸುದ್ದಿಯನ್ನೇ ಕೇಳಿದರು. ಮಗುವಿನ ಸಂಕಟಕ್ಕೆ ಮಾತಿನ ದಾರಿ ತೆರೆಯಲು ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಮನೋವೈದ್ಯರು ಹೇಳುವುದೂ ಇದಕ್ಕೆ ಹತ್ತಿರವಾದದ್ದನ್ನೇ. ಆತಂಕ ಮಕ್ಕಳಲ್ಲಿ ಮಾತಾಗಿ ಬರುವುದು ಕಡಿಮೆ. ಹೊಟ್ಟೆನೋವಾಗಿ, ತಲೆನೋವಾಗಿ, ಸಿಡುಕಾಗಿ, ಕೆಲವೊಮ್ಮೆ ಅತಿಯಾದ ಒಳ್ಳೆಯತನವಾಗಿ ಬರುತ್ತದೆ. ಹೆದರಿದ್ದನ್ನು ತಪ್ಪಿಸಿಕೊಂಡರೆ ಇಂದಿಗೆ ಹಾಯೆನಿಸುತ್ತದೆ, ನಾಳೆ ಭಯ ದುಪ್ಪಟ್ಟಾಗುತ್ತದೆ. ಹಾಗೆಂದು ಗದರಿಸಿ ನೂಕುವುದೂ ಅಲ್ಲ. ಜೊತೆಗಿದ್ದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಎದುರಿಸಲು ಬಿಡಬೇಕು. ಎದೆ ಹೊಡೆದುಕೊಳ್ಳುವುದು, ಹೊಟ್ಟೆ ಹಿಂಡುವುದು ದೇಹ ಬಾರಿಸುವ ಗಂಟೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ ಎಂದು ತಿಳಿಸಬೇಕು. ವಾರಗಟ್ಟಲೆ ನಿದ್ದೆ, ಊಟ, ಶಾಲೆ ಕೆಟ್ಟರೆ ವೈದ್ಯರಲ್ಲಿಗೆ ಹೋಗಲು ನಾಚಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ನಾವು ತಂಗಿಯ ಮಗಳಿಗೆ ನಿಜ ಹೇಳಿದೆವು, ಅವಳಿಗೆ ಹಿಡಿಸುವಷ್ಟು: ಅಬ್ಬನ ಕೆಲಸ ಹೋಗಿದೆ, ಬೇರೆ ಹುಡುಕುತ್ತಿದ್ದಾರೆ. ಅಮ್ಮಿ ಒಮ್ಮೊಮ್ಮೆ ಅಳುತ್ತಾರೆ, ಅವರನ್ನು ನೋಡಿಕೊಳ್ಳಲು ನಾವಿದ್ದೇವೆ, ಅದು ನಿನ್ನ ಕೆಲಸವಲ್ಲ. ಹೊಟ್ಟೆನೋವು ಮರುದಿನವೇ ಹೋಗಲಿಲ್ಲ. ತಾಯಿ ಮೊದಲು ತರಗತಿಯ ಬಾಗಿಲವರೆಗೆ, ಆಮೇಲೆ ಗೇಟಿನವರೆಗೆ, ಕೊನೆಗೆ ರಸ್ತೆಯ ತಿರುವಿನವರೆಗೆ ಹೋಗಿ ಬಿಟ್ಟು ಬರುತ್ತಿದ್ದಳು. ಈ ಸಲದ ಈದಿಗೆ ಹುಡುಗಿ ಒಂದು ಬೊಂಬೆ ಬೇಕೆಂದು ಹಟ ಹಿಡಿದಳು. ಮನೆಯಲ್ಲಿ ಯಾರೂ ಗದರಲಿಲ್ಲ.

‘ಈದ್ಗಾಹ್’ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಹಾಮಿದನಿಂದ ಏನು ಕಲಿತಿರಿ ಎಂದು ಮಕ್ಕಳನ್ನು ಅವಶ್ಯ ಕೇಳಿ. ಅದರ ಜೊತೆಗೆ, ಹಾಮಿದನಿಗೆ ಯಾವುದರ ಭಯವಿದ್ದಿರಬಹುದು ಎಂದೂ ಒಮ್ಮೆ ಕೇಳಿ ನೋಡಿ. ಉತ್ತರ ಗೊತ್ತಿರುವ ಮಗುವೊಂದು ನಿಮ್ಮ ತರಗತಿಯ ಯಾವುದೋ ಬೆಂಚಿನಲ್ಲಿ ಕೂತಿರುತ್ತದೆ.